ಕಾರ್ಡಿನ ಮೇಲಿನ ಮನುಷ್ಯ ಕಾಲೇಜಿಗೆ ಬಂದ

ಕಳೆದ ತಿಂಗಳು ಒಂದು ದಿನ ನರಸೀಪುರದ ನಮ್ಮ ಕಾಲೇಜಿಗೆ ನನ್ನನ್ನು ಹುಡುಕಿಕೊಂಡು ಒಬ್ಬ ಯುವಕ ಬಂದ. ಸ್ಟಾಫ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತ. ಎಡ ಹುಬ್ಬಿನ ನಡುವೆ ಹಳೆಯ ಗಾಯದ ಕಲೆ, ಅಲ್ಲಿ ಕೂದಲು ಬೆಳೆದಿಲ್ಲ. ಮುಡುಕುತೊರೆಯವನು, ಶಿವಬಸಪ್ಪನವರ ಎರಡನೇ ಮಗ ಅಂತ ಪರಿಚಯ ಹೇಳಿಕೊಂಡ.

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಏಕೆಂದರೆ ಆ ಮನುಷ್ಯನನ್ನು ಹುಟ್ಟಿಸಿದವನು ನಾನು. ಊರು, ಅಪ್ಪ, ಹುಬ್ಬಿನ ಗಾಯ ಎಲ್ಲ ಸಮೇತ. ಕೆಲವು ವಾರಗಳ ಹಿಂದೆ, ನಂಜನಗೂಡಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಒಂದು ಕಾರ್ಡಿನ ಮೇಲೆ ಅವನನ್ನು ಬರೆದಿದ್ದೆ.

ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. (ಅಂದುಕೊಂಡರೂ ತಪ್ಪೇನಿಲ್ಲ, ನನ್ನ ಹೆಂಡತಿ ವಿಮಲ ಆಗಲೇ ಅಂದಾಗಿದೆ.) ಮೊದಲಿನಿಂದ ಹೇಳುತ್ತೇನೆ. ಹೇಳಿ ಹಗುರಾಗುವ ವಿಷಯ ಇದಲ್ಲ, ಆದರೂ ಹೇಳುತ್ತೇನೆ.

ವಿಮಲಳ ತಮ್ಮ ಪ್ರಕಾಶ ಹಡಗಿನಲ್ಲಿ ಇಂಜಿನಿಯರು. ರಜಕ್ಕೆ ಬಂದಾಗ ಎಲ್ಲರೂ ತರುವಂತೆ ಸೆಂಟು, ಟಾರ್ಚು, ಟೇಪ್ ರೆಕಾರ್ಡರು ತರಬಾರದೇ? ಈ ಸಲ ಅವನು ಯಾವುದೋ ಬಂದರಿನಿಂದ ಒಂದು ಆಟದ ಪೆಟ್ಟಿಗೆ ತಂದ. ಒಳಗೆ ಹಲಗೆ ಇಲ್ಲ, ಕಾಯಿ ಇಲ್ಲ. ಎರಡು ಪುಸ್ತಕ, ಒಂದಷ್ಟು ದಾಳ. ದಾಳ ಎಂದರೆ ನಾವು ಕಂಡ ದಾಳವಲ್ಲ. ಒಂದಕ್ಕೆ ನಾಲ್ಕೇ ಮುಖ, ಇನ್ನೊಂದಕ್ಕೆ ಇಪ್ಪತ್ತು.

ಆಟ ಸರಳ. ಒಬ್ಬ ಕಥೆ ಹೇಳುತ್ತಾನೆ. ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಹೊರಡುತ್ತಾರೆ. 'ಎದುರಿಗೆ ಹೊಳೆ ಬಂತು, ಏನು ಮಾಡುತ್ತೀರಿ?' ಅಂತ ಕಥೆಗಾರ ಕೇಳಬೇಕು. 'ಈಜುತ್ತೇನೆ' ಅಂದರೆ ದಾಳ ಉರುಳಿಸಿ ದಡ ಸೇರಿದನೋ ಮುಳುಗಿದನೋ ನೋಡಬೇಕು. ದಾರಿಯಲ್ಲಿ ಸಿಗುವ ಕಾವಲುಗಾರ, ಅಂಗಡಿಯವಳು, ಕಳ್ಳ, ಇಂಥ ಬಿಡಿ ಜನರ ಪರವಾಗಿ ಮಾತಾಡುವವನೂ ಕಥೆಗಾರನೇ. ಅಂಥ ಒಬ್ಬೊಬ್ಬರಿಗೂ ಮೊದಲೇ ಒಂದು ಕಾರ್ಡು ಬರೆದಿಟ್ಟುಕೊಳ್ಳಬೇಕು. ಮೈಬಲ ಇಷ್ಟು, ಬುದ್ಧಿ ಇಷ್ಟು ಅಂತ ದಾಳ ಹಾಕಿ ಅಂಕ ಕೊಡಬೇಕು. ಎದ್ದು ಕಾಣುವ ಗುರುತು ಒಂದು, ಯಾರಿಗೂ ತಿಳಿಯದ ಗುಟ್ಟು ಒಂದು ಇರಲೇಬೇಕು, ಇಲ್ಲದಿದ್ದರೆ ಆಡುವವರು ನಂಬುವುದಿಲ್ಲ ಅಂತ ಪ್ರಕಾಶ ಹೇಳಿಕೊಟ್ಟ. ಹೇಳಿಕೊಟ್ಟು ಹಡಗು ಹತ್ತಿದ. ಪೆಟ್ಟಿಗೆ ನನ್ನ ಕೊರಳಿಗೆ ಬಿತ್ತು.

ಬೀಳದೆ ಏನು? ಕಥೆ ಹೇಳುವ ಕೆಲಸ ಅಂದರೆ ನನಗೆ ಬೇಡವೇ? ವಾರ ವಾರ ಈ ಅಂಕಣ ಬರೆಯುವವನು ನಾನು. ಓದುಗರು ಬಸ್ಸಿನಲ್ಲಿ ಗುರುತು ಹಿಡಿದು ಸೀಟು ಬಿಟ್ಟುಕೊಟ್ಟಿದ್ದಾರೆ (ಒಂದೇ ಸಲ, ಆದರೂ).

ಆಟಕ್ಕೆ ಇಬ್ಬರು ಸಿಕ್ಕರು. ಒಬ್ಬರು ಜವಳಿ ಅಂಗಡಿಯ ಪುಟ್ಟಮಾದಪ್ಪ, ಇನ್ನೊಬ್ಬ ನಮ್ಮ ಕಾಲೇಜಿನಲ್ಲೇ ಲೆಕ್ಕ ಹೇಳುವ ನಾಗರಾಜ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಜಗಲಿಯ ಮೇಲೆ ಚಾಪೆ ಹಾಕಿಕೊಂಡೆವು.

ಮೊದಲ ಭಾನುವಾರವೇ ಎಡವಟ್ಟು. ಪುಸ್ತಕದಲ್ಲಿದ್ದ ಹಾಗೆ ನಮ್ಮವರು ಒಂದು ಕೋಟೆಯ ಬಾಗಿಲಿಗೆ ಬಂದರು. ಕಾವಲುಗಾರ ಅಡ್ಡ ನಿಂತ. ಈಗ ಕತ್ತಿ ಹಿರಿಯಬೇಕು, ಇಲ್ಲವೇ ಲಂಚ ಕೊಡಬೇಕು. ಪುಟ್ಟಮಾದಪ್ಪ ಎರಡೂ ಮಾಡಲಿಲ್ಲ.

"ಯಾವೂರಪ್ಪ ನಿಂದು?" ಅಂದರು.

ನಾನು ಕಾರ್ಡು ನೋಡಿದೆ. ಮೈಬಲ ಹದಿನಾಲ್ಕು, ಬುದ್ಧಿ ಒಂಬತ್ತು. ಊರು ಇರಲಿಲ್ಲ.

"ಓಗ್ಲಿ, ಯಾರ ಮಗ ಏಳು. ಮದ್ವೆ ಆಗಿದ್ರೆ ಯಾರ ಮನೆ ಅಳಿಯ ಅದಾರ ಏಳು."

ಕಾರ್ಡಿನಲ್ಲಿ ಅದೂ ಇರಲಿಲ್ಲ. ಅವರು ದಾಳವನ್ನು ಚಾಪೆಯ ಮೇಲೆ ಇಟ್ಟುಬಿಟ್ಟರು. "ಇದೇನ್ ಮೇಷ್ಟ್ರೇ, ಎತ್ತೋರಿಲ್ಲ, ಊರಿಲ್ಲ! ಯಾರ ಕಡೆಯೋನು ಅಂತ ತಿಳೀದೆ ಎಂಗ್ ಮಾತಾಡ್ಸೋದು? ಕತ್ತಿ ಎತ್ತಿದ್ ಮ್ಯಾಲೆ ನಮ್ ನೆಂಟ್ರ ಪೈಕಿ ಅಂತ ಗೊತ್ತಾದ್ರೆ?"

ನ್ಯಾಯವಾದ ಪ್ರಶ್ನೆ. ಆವತ್ತಿನ ಆಟ ಕಾಫಿ ಕುಡಿದು ಮುಗಿಯಿತು.

ವಾರವಿಡೀ ಕೂತು ಹೊಸ ಕಾರ್ಡು ಬರೆದೆ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ರಾಶಿ ಇತ್ತು, ಅವುಗಳ ಖಾಲಿ ಬೆನ್ನು ಒಳ್ಳೆಯ ಗಟ್ಟಿ ಕಾಗದ. ಊರು, ಯಾರ ಮಗ, ಯಾರ ಅಳಿಯ, ಕಸುಬು, ಗುರುತು, ಹೊರಗಿನ ಗುಣ, ಒಳಗಿನ ಗುಟ್ಟು ಎಂದು ನನ್ನದೇ ಕಾಲಂ ಹಾಕಿದೆ. ಕೋಟೆಯನ್ನೂ ತೆಗೆದುಹಾಕಿದೆ. ತಲಕಾಡಿನ ಮರಳಿನಡಿ ನಿಧಿ ಇದೆ, ನಮ್ಮವರು ಹುಡುಕಿಕೊಂಡು ಹೊರಟಿದ್ದಾರೆ ಅಂತ ಕಥೆ ಮಾಡಿದೆ. ದಾರಿ ತೋರಿಸಲು ಮುಡುಕುತೊರೆಯಲ್ಲಿ ಒಬ್ಬ ಬೇಕಲ್ಲ? ಅವನ ಕಾರ್ಡು ಎಷ್ಟು ಸಲೀಸಾಗಿ ಬಂತು ಅಂತೀರಿ!

ಹೆಸರು ಚಂದ್ರಪ್ಪ. ಮುಡುಕುತೊರೆ ಶಿವಬಸಪ್ಪನ ಎರಡನೇ ಮಗ. ಎಡ ಹುಬ್ಬಿನಲ್ಲಿ ಗಾಯದ ಕಲೆ, ಚಿಕ್ಕಂದಿನಲ್ಲಿ ಕಬ್ಬಿನ ಗಾಡಿಯಿಂದ ಬಿದ್ದದ್ದು. ಕಸುಬು ಹರಿಗೋಲು ರಿಪೇರಿ. ಮಾತು ಕಡಿಮೆ, ಕೂತ ಕಡೆ ಏನಾದರೂ ಬಿಚ್ಚಿ ಜೋಡಿಸುತ್ತಿರುತ್ತಾನೆ. ಗುಟ್ಟು: ತಲಕಾಡಿನಲ್ಲಿ ಯಾರಿಗೂ ತಿಳಿಯದ ಹಾಗೆ ಒಂದು ಸಂಸಾರ ಇಟ್ಟಿದ್ದಾನೆ.

ಆ ಹೆಂಗಸಿಗೂ ಒಂದು ಕಾರ್ಡು ಬರೆದೆ. ಹಸಿರು ಸೀರೆ, ನಕ್ಕರೆ ಕೆನ್ನೆಯಲ್ಲಿ ಗುಳಿ, ಕಂಕುಳಲ್ಲಿ ತೊದಲು ಮಾತಿನ ಮಗು. ಬರೆದು ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ಭಾನುವಾರ ಆಟ ರಂಗೇರಿತು. ಪುಟ್ಟಮಾದಪ್ಪನವರು ಕೇಳಿದ್ದಕ್ಕೆಲ್ಲ ನನ್ನಲ್ಲಿ ಉತ್ತರ ಇತ್ತು. ಮೊದಲ ವಾರ ಚಂದ್ರಪ್ಪ ಒಳ್ಳೆಯವನಾಗಿ ಕಂಡ. ಎರಡನೇ ವಾರ ಇಬ್ಬರೂ ಅವನ ಹಿಂದೆ ತಲಕಾಡಿಗೆ ಹೋದರು, ಗುಟ್ಟು ರಟ್ಟಾಯಿತು. ನಾನು ಹೆಂಗಸಿನ ದನಿ ತೆಗೆದು, "ಇಷ್ಟ್ ದಿನಾ ಎಲ್ಲೋಗಿದ್ರಿ? ಮಗ ಅಪ್ಪಾ ಅಪ್ಪಾ ಅಂತಾನೆ" ಅಂದೆ. ಪುಟ್ಟಮಾದಪ್ಪನವರಿಗೆ ನಿಜವಾಗಿಯೂ ಸಿಟ್ಟು ಬಂತು.

"ನೋಡಕ್ ಎಂಗವ್ನೆ! ಇಂಥೋನ್ಗೆ ಯಾರಾರ ಎಣ್ ಕೊಟ್ರೆ ಅವ್ರ ಗತಿ ಏನ್ ಮೇಷ್ಟ್ರೇ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ನಾನು ಹೆಮ್ಮೆಯಿಂದ ಬೀಗಿದೆ. ಒಬ್ಬ ಕಥೆಗಾರನಿಗೆ ಇನ್ನೇನು ಬೇಕು?

ಅದಾದ ಎರಡು ಮೂರು ದಿನಕ್ಕೆ ಪಕ್ಕದ ಮನೆಯ ಗೌರಮ್ಮನವರು ಒಂದು ಚಿಪ್ಪು ರಸಬಾಳೆ ತಂದುಕೊಟ್ಟರು. ನಮ್ಮ ಜಗಲಿಗೂ ಅವರ ಜಗಲಿಗೂ ನಡುವೆ ಎದೆಮಟ್ಟದ ಗೋಡೆ, ಅಷ್ಟೇ. ಅವರ ಕಣ್ಣಲ್ಲಿ ನೀರಿತ್ತು.

"ನೀವ್ ಮಾಡಿದ್ದನ್ನ ನಾವ್ ಮರೆಯೋ ಹಾಗಿಲ್ಲ ಮೇಷ್ಟ್ರೇ. ಹೆಣ್ಣು ಹೆತ್ತೋರಿಗೆ ನಿಮ್ಮಂಥ ನೆರೆಹೊರೆ ಸಿಕ್ಬೇಕು," ಅಂದರು.

ಅವರ ಮಗಳು ಶಾಂತಳ ಟೈಪಿಂಗ್ ಪರೀಕ್ಷೆಗೆ ನಾನು ಅರ್ಜಿ ಬರೆದುಕೊಟ್ಟಿದ್ದೆ. ಅದಕ್ಕೇ ಇರಬೇಕು ಅಂದುಕೊಂಡೆ. "ಅದರಲ್ಲೇನಿದೆ, ಅದು ನಮ್ಮ ಕರ್ತವ್ಯ" ಎಂದೆ. ಬಾಳೆಹಣ್ಣು ತಿಂದೆ. ಬಹಳ ಚೆನ್ನಾಗಿತ್ತು.

ಈಗ ಸ್ಟಾಫ್ ರೂಮಿಗೆ ವಾಪಸು ಬನ್ನಿ. ಬಾಗಿಲಲ್ಲಿ ಆ ಯುವಕ ನಿಂತಿದ್ದಾನೆ. ಹೆಸರು ಮಹೇಶ ಅಂದ, ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ನನಗೆ ಮೊದಲು ಆದದ್ದೇನು ಗೊತ್ತೇ? ಸಂತೋಷ! ನನ್ನ ಕಲ್ಪನೆ ಎಂಥದ್ದು, ಬರೆದದ್ದು ನಿಜವಾಗಿ ಎದ್ದು ಬಂದಿದೆ ಅಂತ ಒಂದು ಗಳಿಗೆ ಮೈ ಜುಮ್ಮೆಂದಿತು. ನಾಚಿಕೆಗೆಟ್ಟವನು ನಾನು, ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಅವನು ಮಾತಾಡಿದ.

"ಸಾ, ನಂಜನಗೂಡ್ನಲ್ಲಿ ನಿಮ್ ಪಕ್ಕದ್ ಮನೆ ಉಡ್ಗೀನ ನೋಡ್ಕಂಡ್ ಬಂದಿದ್ದೋ. ಅವ್ರೂ ಒಪ್ಪಿದ್ರು. ಈಗ ಬ್ಯಾಡ ಅಂತ ಏಳ್ ಕಳ್ಸವ್ರೆ. ತಲಕಾಡ್ನಲ್ಲಿ ನಂಗೆ ಯಾರೋ ಅವ್ಳೆ, ಮಗೂನೂ ಅದೆ, ಅಂತ ನೀವ್ ಅಂದ್ರಂತೆ. ನೀವು ದಿನಾ ಈ ಕಡೆ ಓಡಾಡೋರು, ಸುಳ್ ಏಳಕ್ಕಿಲ್ಲ ಅಂತವ್ರೆ. ನೀವ್ ನೋಡಿದ್ರಾ ಸಾ?"

ನಾನು ಬಗ್ಗಿ ಬಿದ್ದ ಸೀಮೆಸುಣ್ಣ ಎತ್ತಿಕೊಂಡೆ.

"ನಾನ್ ತಲಕಾಡ್ಗೆ ಓಗದು ಬಾವಿಗೆ ಮೋಟ್ರು ಇಳ್ಸಕ್ಕೆ ಸಾ. ಬ್ಯಾಸ್ಗೇಲಿ ವಸಿ ಜಾಸ್ತಿ ಓಯ್ತೀನಿ. ನಮ್ಮವ್ವನೇ ಕೇಳ್ತಾಳೆ, ನಿಜ ಏಳ್ಲಾ ಮಗ ಅಂತ."

ಪಕ್ಕದ ಕುರ್ಚಿಗಳಲ್ಲಿ ಸಹೋದ್ಯೋಗಿಗಳು ಪೇಪರು ಓದುವವರಂತೆ ಕೂತಿದ್ದರು. ಪ್ರಿನ್ಸಿಪಾಲರು ಕೂಡ ಅಲ್ಲೇ ಇದ್ದರು. ನಾಗರಾಜ ಕಿಟಕಿಯ ಹೊರಗೆ ನೋಡತೊಡಗಿದ. 'ಅಪ್ಪಾ, ನಾವು ಭಾನುವಾರ ದಾಳ ಹಾಕಿಕೊಂಡು ಆಟ ಆಡುತ್ತೇವೆ, ಅದರಲ್ಲಿ ನೀನು ಬಂದೆ' ಅಂತ ಅಷ್ಟು ಜನರ ಮುಂದೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. "ನಾನು ಯಾರಿಗೂ ಏನೂ ಹೇಳಿಲ್ಲ. ವಿಚಾರಿಸುತ್ತೇನೆ, ಹೋಗು" ಎಂದು ಗಂಭೀರವಾಗಿ ಕಳಿಸಿದೆ. ಅವನು ಕೈ ಮುಗಿದು ಹೋದ. ನನ್ನ ಮರ್ಯಾದೆ ಉಳಿಯಿತು. ಯಾವ ಮರ್ಯಾದೆಯೋ!

ಸಂಜೆ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಗೋಡೆಯಾಚೆ ಗೌರಮ್ಮನವರು ಕೇಳಿಸಿಕೊಂಡಿದ್ದಾರೆ, ಅದು ಸರಿ. ಆದರೆ ನಾನು ಹುಟ್ಟಿಸಿದ ಮನುಷ್ಯನಿಗೂ ಈ ಮಹೇಶನಿಗೂ ಇಷ್ಟು ಹೋಲಿಕೆ ಹೇಗೆ?

ವಿಮಲ ಒಲೆಯ ಮುಂದಿನಿಂದ ಏಳದೆಯೇ ಉತ್ತರ ಕೊಟ್ಟಳು.

"ಹೇಗೆ ಅಂದ್ರೆ? ನಾನೇ ಹೇಳಿದ್ದಲ್ವಾ? ನೀವು ಊಟಕ್ಕೆ ಕೂತಿದ್ರಿ. ಶಾಂತನ್ನ ನೋಡೋಕೆ ಮುಡುಕುತೊರೆಯೋರು ಬಂದಿದ್ರು, ಶಿವಬಸಪ್ಪ ಅನ್ನೋರ ಎರಡನೇ ಮಗ, ಹುಬ್ಬಲ್ಲಿ ಗಾಯ, ಕಬ್ಬಿನ ಗಾಡಿಯಿಂದ ಬಿದ್ದದ್ದಂತೆ. ಕೂತಲ್ಲೇ ಗೌರಮ್ಮನೋರ ಮನೆ ಟೇಬಲ್ ಫ್ಯಾನ್ ಬಿಚ್ಚಿ ರಿಪೇರಿ ಮಾಡ್ಕೊಟ್ಟ ಅಂತ. ನೀವು ಪೇಪರು ಅಡ್ಡ ಹಿಡ್ಕೊಂಡು ಹೂಂ ಹೂಂ ಅಂದ್ರಿ."

ನನ್ನ ಕಲ್ಪನೆ ಇಷ್ಟು! ಪಂಪ್‌ಸೆಟ್ಟನ್ನು ಹರಿಗೋಲು ಮಾಡಿದ್ದು ಬಿಟ್ಟರೆ ಅವನಲ್ಲಿ ನನ್ನದೇನೂ ಇರಲಿಲ್ಲ. ನಾನು ನಿಜವಾಗಿ ಹುಟ್ಟಿಸಿದ್ದು ಆ ಕಳಂಕ ಒಂದನ್ನೇ. ಹೆಂಡತಿಯ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿ, ಯಾರು ಹೇಳಿದ್ದೆಂದು ಮರೆತು, ಸ್ವಂತದ್ದು ಅಂತ ಬೀಗಿದ್ದೆ. ವಾರ ವಾರ ಇಲ್ಲಿ ನಾನು ಬರೆಯುವುದರಲ್ಲಿ ಇಂಥದ್ದು ಇನ್ನೆಷ್ಟಿದೆಯೋ, ವಿಮಲಳನ್ನೇ ಕೇಳಬೇಕು.

ಮರುದಿನ ಮಹೇಶನ ಅಂಗಡಿಗೆ ಹೋದೆ. ಅವನು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಎಲ್ಲ ಹೇಳಿದೆ. ಪೆಟ್ಟಿಗೆ, ದಾಳ, ಕಾರ್ಡು, ಯಾವುದನ್ನೂ ಬಿಡಲಿಲ್ಲ. ಅವನು ಕೈ ನಿಲ್ಲಿಸಿ ಕೇಳಿಸಿಕೊಂಡ.

"ಆಟಾನಾ ಸಾ?" ಅಂದ. ತಂತಿಯ ತುದಿ ಮಡಚಿಟ್ಟು, "ಗೆದ್ದೋರ್ ಯಾರು ಸಾ?"

ಕುಹಕವಿರಲಿಲ್ಲ, ಸುಮ್ಮನೆ ಕೇಳಿದ. ಈ ಆಟದಲ್ಲಿ ಗೆಲ್ಲುವುದು ಸೋಲುವುದು ಇಲ್ಲ ಅಂದೆ. ಅವನು ತಲೆಯಾಡಿಸಿ, "ನಮ್ಮವ್ವಂಗೆ ಬಂದ್ ಒಂದ್ ಮಾತ್ ಏಳ್ಬುಡಿ ಸಾ" ಎಂದು ಅಂಗಡಿಗೆ ಬೀಗ ಹಾಕಿದ.

ಅವನ ಮೊಪೆಡ್ಡಿನ ಹಿಂದೆ ಕೂತು ಮುಡುಕುತೊರೆಗೆ ಹೋದೆ. ತಾಯಿ ಮಜ್ಜಿಗೆ ಕೊಟ್ಟರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನನ್ ಮಗ ಅಂಗಲ್ಲ ಅಂತ ನಂಗೊತ್ತಿತ್ತು ಸಾಮಿ. ಆದ್ರೂ ಕೇಳ್ಬುಟ್ಟೆ. ಎತ್ತೋಳು ಕೇಳ್ಬಾರ್ದಾಗಿತ್ತು."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಮಾಡಿದ ತಪ್ಪಿಗೆ ನಾಚಿಕೆಪಟ್ಟುಕೊಂಡವರು ಆಕೆ. ಮಗ ಅಂಗಳದಲ್ಲಿ ಮೊಪೆಡ್ಡಿನ ಪ್ಲಗ್ಗು ಬಿಚ್ಚಿ ಉಜ್ಜುತ್ತಾ ಕೂತಿದ್ದ, ನಮ್ಮ ಕಡೆ ತಿರುಗಲಿಲ್ಲ.

ಇನ್ನು ಗೌರಮ್ಮನವರು. ಪೆಟ್ಟಿಗೆ, ಕಾರ್ಡು ಎಲ್ಲ ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೆ ಹೋದೆ. ಅವರು ನಂಬಲೇ ಇಲ್ಲ! ಅವರು ಮೂರ್ಖರಲ್ಲ, ಅವರ ತರ್ಕ ನನ್ನದಕ್ಕಿಂತ ಗಟ್ಟಿ. ಗಂಡಿನ ಬಗ್ಗೆ ಕೆಟ್ಟ ಸುದ್ದಿ ಗೊತ್ತಿದ್ದರೆ ನಮ್ಮ ಕಡೆ ಯಾರೂ ಹೆಣ್ಣಿನವರ ಮನೆಗೆ ಹೋಗಿ ನೇರವಾಗಿ ಹೇಳುವುದಿಲ್ಲ. ಹೇಳಿದವರು ನಿಷ್ಠುರರಾಗುತ್ತಾರೆ. ಬೇರೆ ಯಾರಿಗೋ ಹೇಳುವ ಹಾಗೆ ನಟಿಸಿ, ಬೇಕಾದವರ ಕಿವಿಗೆ ಬೀಳಿಸುತ್ತಾರೆ. ಹೆಸರು ಬದಲಾಯಿಸಿ ಹೇಳುವುದು ಇನ್ನೂ ದೊಡ್ಡ ಮರ್ಯಾದೆ. ನಾನು ಮಾಡಿದ್ದೂ ಅಕ್ಷರಶಃ ಅದನ್ನೇ ಅಲ್ಲವೇ? ಜಗಲಿಯ ಮೇಲೆ ಕೂತು, ಗಟ್ಟಿ ದನಿಯಲ್ಲಿ, ಮಹೇಶನನ್ನು ಚಂದ್ರಪ್ಪ ಮಾಡಿ!

"ಈಗ ಅವ್ರ ಕಡೆಯೋರು ಬಂದು ನಿಮ್ಮ ಕಾಲು ಹಿಡ್ಕೊಂಡಿದ್ದಾರೆ. ಅದಕ್ಕೆ ಮಾತು ತಿರುಗಿಸ್ತಿದ್ದೀರಿ. ನೀವು ಒಳ್ಳೆಯೋರು ಮೇಷ್ಟ್ರೇ, ಬಿಡಿ," ಎಂದರು.

ಸಾಕ್ಷಿಗೆ ಕಾರ್ಡು ಕೊಟ್ಟೆ. ಅವರು ತಿರುಗಿಸಿ ನೋಡಿದರು. ಹಿಂದುಗಡೆ ಚಿನ್ನದ ಅಕ್ಷರದಲ್ಲಿ ಗಣೇಶ, ವಧೂವರರು, ಸುಮುಹೂರ್ತ. ನನ್ನನ್ನು ನೋಡಿದ ನೋಟದಲ್ಲಿ ಅನುಮಾನ ಇನ್ನಷ್ಟು ಹೆಚ್ಚಾಯಿತು.

ಕೊನೆಗೆ ಚಾಪೆ ಹಾಸಿ ಅವರ ಮುಂದೆಯೇ ಆಡಿ ತೋರಿಸಬೇಕಾಯಿತು. ಪುಟ್ಟಮಾದಪ್ಪ, ನಾಗರಾಜ ಬಂದರು, ವಿಮಲ ಬಂದಳು. ಮೂರು ಜನ ಗಂಡಸರು ಮಕ್ಕಳ ಹಾಗೆ ದಾಳ ಉರುಳಿಸಿದೆವು. ನಾನು ಕಾವಲುಗಾರನಾಗಿ ಅಬ್ಬರಿಸಿದೆ, ಅಂಗಡಿಯವಳಾಗಿ ಕೊಸರಾಡಿದೆ. ಯಾರೂ ನಗಲಿಲ್ಲ. ಮಹೇಶ ರಿಪೇರಿ ಮಾಡಿಕೊಟ್ಟ ಫ್ಯಾನು ಮೂಲೆಯಲ್ಲಿ ಚೆನ್ನಾಗಿ ತಿರುಗುತ್ತಿತ್ತು, ನನ್ನ ಕಾರ್ಡುಗಳು ಹಾರದಂತೆ ಚೊಂಬು ಇಡಬೇಕಾಯಿತು.

"ಇಷ್ಟ್ ವಯಸ್ಸಾಗಿ ಇದನ್ನ ಆಡ್ತೀರಾ?" ಎಂದರು ಗೌರಮ್ಮನವರು. ಈಗ ನಂಬಿದ್ದರು. ನನ್ನ ಮೇಲಿದ್ದ ಗೌರವ ಹೋಗಿತ್ತು, ಅದು ಹೋಗಬೇಕಾದದ್ದೇ. ಮಗಳ ಕಡೆ ತಿರುಗಿ, "ಏನಮ್ಮಾ, ಹೇಳಿಕಳಿಸೋಣವಾ?" ಎಂದು ಕೇಳಿದರು.

ಶಾಂತ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದಳು. ಬಂದು ಚೊಂಬು ಸರಿಸಿ ಆ ಎರಡು ಕಾರ್ಡು ಎತ್ತಿಕೊಂಡಳು. ಚಂದ್ರಪ್ಪನದನ್ನು ಬೇಗ ಓದಿ ಕೆಳಗಿಟ್ಟಳು. ಇನ್ನೊಂದನ್ನು ತುಂಬ ಹೊತ್ತು ಓದಿದಳು.

"ಅವರು ನನಗೆ ಇಷ್ಟ ಆಗಿದ್ರು ಸಾರ್," ಎಂದಳು. "ಈಗ್ಲೂ ಅವರ ಮೇಲೆ ನನಗೇನೂ ಇಲ್ಲ. ಇದೆಲ್ಲ ಸುಳ್ಳು ಅಂತ ಗೊತ್ತಾಯ್ತು. ಆದ್ರೆ ನಾಳೆ ಮದುವೆ ಆಗಿ, ಅವರು ತಲಕಾಡಿಗೆ ಮೋಟ್ರು ಇಳಿಸೋಕೆ ಹೋದಾಗೆಲ್ಲ ನನಗೆ ಇವಳೇ ಕಾಣ್ತಾಳಲ್ಲ? ಹಸಿರು ಸೀರೆ, ಕೆನ್ನೇಲಿ ಗುಳಿ. ಮಗು ಬೇರೆ. ಅವಳ ದನೀನೂ ಕೇಳಿಸಿಕೊಂಡುಬಿಟ್ಟಿದ್ದೀನಿ ಸಾರ್. ಏನು ಮಾಡ್ಲಿ ಹೇಳಿ?"

ನಾನು ಕಾರ್ಡು ಹರಿದುಹಾಕುತ್ತೇನೆ ಎಂದೆ. ಅವಳು ಕೊಟ್ಟಳು. ಅಲ್ಲೇ ಚೂರು ಚೂರು ಮಾಡಿದೆ. ಅದನ್ನು ನೋಡುತ್ತಾ ನಿಂತಿದ್ದವಳ ಮುಖ ಸ್ವಲ್ಪವೂ ಬದಲಾಗಲಿಲ್ಲ.

ಇದು ಆಗಿ ವಾರಗಳೇ ಕಳೆದವು. ಗೌರಮ್ಮನವರ ಮನೆಯಿಂದ ಮುಡುಕುತೊರೆಗೆ ಹೂಂ ಅಂತಲೂ ಹೋಗಿಲ್ಲ, ಊಹೂಂ ಅಂತಲೂ ಹೋಗಿಲ್ಲ. ಪೆಟ್ಟಿಗೆ ಅಟ್ಟ ಸೇರಿದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮಹೇಶ ಈಗಲೂ ನಮಸ್ಕಾರ ಮಾಡುತ್ತಾನೆ, ನಾನು ಆ ಕಡೆಯ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ. (ಇಲ್ಲಿ ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ, ಊರು ಕೂಡ ಮುಡುಕುತೊರೆ ಅಲ್ಲ, ಅಲ್ಲಿಯವರು ಕ್ಷಮಿಸಬೇಕು. ಈ ಸಲ ವಿಮಲ ಓದಿ ಪಾಸು ಮಾಡಿದ ಮೇಲೆಯೇ ಪತ್ರಿಕೆಗೆ ಕಳಿಸುತ್ತಿದ್ದೇನೆ.)

ನೀವೆಲ್ಲ ನನಗಿಂತ ತಿಳಿದವರು. ಇಲ್ಲವೇ ಇಲ್ಲದ ಒಬ್ಬ ಹೆಂಗಸನ್ನು ತಲಕಾಡಿನಿಂದ ಖಾಲಿ ಮಾಡಿಸುವುದು ಹೇಗೆ, ಯಾರಿಗಾದರೂ ಗೊತ್ತೇ?